ಪ್ರೋಗ್ರಾಮಿಗೂ ಪರೀಕ್ಷೆ: ಒಂದು ಭಾಷಾಂತರದ ಪಾಠ

ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಕಲಿಯುವ ನಮಗೆ ಪ್ರಶ್ನೆಪತ್ರಿಕೆಯ ಭಾಷಾಂತರ ಹೊಸ ಸಂಗತಿಯೇನಲ್ಲ. ಬೇರೊಂದು ಭಾಷೆಯಲ್ಲಿ ತಯಾರಾದ ಪ್ರಶ್ನೆ ಕನ್ನಡಕ್ಕೆ ಬಂದು ನಮ್ಮ ಡೆಸ್ಕಿನ ಮೇಲೆ ಕುಳಿತುಕೊಳ್ಳುತ್ತದೆ. ಭಾಷಾಂತರ ಸರಿಯಾಗಿದ್ದರೆ ಅದರ ಬಗ್ಗೆ ಯಾರೂ ಮಾತೆತ್ತುವುದಿಲ್ಲ. 'ಹೆಚ್ಚು' ಎಂದಿರಬೇಕಾದಲ್ಲಿ 'ಕಡಿಮೆ' ಎಂದಾದರೆ ಪರೀಕ್ಷೆ ಮುಗಿದೊಡನೆ ಅಂಗಳದಲ್ಲಿ ಗದ್ದಲವೇಳುತ್ತದೆ. ಆದರೆ ಒಂದು ಪ್ರಶ್ನೆ ಪೂರ್ತಿಯಾಗಿ ಬಿಟ್ಟುಹೋಗಿ, ಅದರ ಅಂಕವನ್ನೂ ಯಾರೂ ಲೆಕ್ಕಕ್ಕೆ ಹಿಡಿಯದೆ ಹೋದರೆ? ಆಗ ಗದ್ದಲವೇ ಇಲ್ಲ. ಕೇಳಿದ ಎಲ್ಲ ಪ್ರಶ್ನೆಗೂ ಎಲ್ಲರೂ ಉತ್ತರಿಸಿರುತ್ತಾರೆ; ಎಲ್ಲರೂ ಸಂತೋಷದಿಂದ ಮನೆಗೆ ಹೋಗುತ್ತಾರೆ.

ಈ ವರ್ಷ ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ನಡೆದದ್ದು ಇಂಥದೇ ಒಂದು ಪ್ರಸಂಗ. ಅಲ್ಲಿ ಪರೀಕ್ಷೆ ಬರೆದದ್ದು ಮಕ್ಕಳಲ್ಲ, ನಾವೇ ಮಾಡಿದ ಒಂದು ಪ್ರೋಗ್ರಾಮು. ಪ್ರಶ್ನೆ ಬಿಟ್ಟುಹೋದದ್ದು ನಮ್ಮ ಕೈಯಿಂದಲೇ. ಕಂಪ್ಯೂಟರ್ ಸಂಘದ ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ ಕಲಿತ ಆ ಪಾಠವನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ. ಕಂಪ್ಯೂಟರನ್ನು ಮುಟ್ಟದ ತಂದೆತಾಯಂದಿರಿಗೂ ಅರ್ಥವಾಗುವಂತೆ ಬರೆಯಲು ಪ್ರಯತ್ನಿಸಿದ್ದೇವೆ.

ಮೊದಲು ಪ್ರೋಗ್ರಾಮಿನ ವಿಚಾರ. ಕೇರಳದ ಎಸ್.ಎಸ್.ಎಲ್.ಸಿ.ಯಲ್ಲಿ 2005ರಿಂದ ದರ್ಜೆ ಪದ್ಧತಿ ಇದೆ. ನೂರಕ್ಕೆ 90 ಮತ್ತು ಮೇಲ್ಪಟ್ಟು ಬಂದರೆ ಎ ಪ್ಲಸ್, 80 ಬಂದರೆ ಎ, 70 ಬಂದರೆ ಬಿ ಪ್ಲಸ್, ಹೀಗೆ ಹತ್ತು ಹತ್ತು ಅಂಕಕ್ಕೆ ಒಂದೊಂದು ಮೆಟ್ಟಿಲು ಇಳಿಯುತ್ತ 30ಕ್ಕೆ ಡಿ ಪ್ಲಸ್, 20ಕ್ಕೆ ಡಿ, ಅದಕ್ಕೂ ಕೆಳಗೆ ಇ. ಒಟ್ಟು ಒಂಬತ್ತು ದರ್ಜೆ. ಡಿ ಪ್ಲಸ್ ದಾಟಿದವರು ಮುಂದಿನ ಓದಿಗೆ ಅರ್ಹರು. ಶಾಲೆಯ ಒಳಪರೀಕ್ಷೆಗಳಿಗೂ ನಾವು ಇದೇ ದರ್ಜೆಗಳನ್ನು ಹಾಕುತ್ತೇವೆ. ಅಂಕದ ಪಟ್ಟಿಯನ್ನು ಕೊಟ್ಟರೆ ದರ್ಜೆಯ ಪಟ್ಟಿಯನ್ನು ಮಾಡಿಕೊಡುವ ಒಂದು ಸಣ್ಣ ಪ್ರೋಗ್ರಾಮನ್ನು ಸಂಘದ ಮಕ್ಕಳು ಎರಡು ವರ್ಷದ ಹಿಂದೆ ಪೈಥಾನ್ ಭಾಷೆಯಲ್ಲಿ ಬರೆದರು. ಐ.ಸಿ.ಟಿ. ಪಾಠದಲ್ಲಿ ಪೈಥಾನಿನ ಪರಿಚಯ ಆಗಿಯೇ ಇದ್ದುದರಿಂದ ಅದು ಅವರ ಕೈಗೆ ಒಗ್ಗಿದ ಭಾಷೆ.

ಈ ಪ್ರೋಗ್ರಾಮಿನಲ್ಲಿ ಎರಡು ತೊಡಕುಗಳಿದ್ದವು. ಒಂದನೆಯದು, ಎಲ್ಲ ವಿಷಯಕ್ಕೂ ನೂರು ಅಂಕವಿಲ್ಲ. ಇಂಗ್ಲಿಷ್, ಗಣಿತ, ಸಮಾಜ ವಿಜ್ಞಾನಗಳಿಗೆ ನೂರು. ಕನ್ನಡದ ಪತ್ರಿಕೆಗಳಿಗೆ, ಹಿಂದಿಗೆ, ಭೌತ, ರಸಾಯನ, ಜೀವಶಾಸ್ತ್ರಗಳಿಗೆ ಐವತ್ತು. ಐವತ್ತರ ವಿಷಯದಲ್ಲಿ 45 ಬಂದರೆ ಎ ಪ್ಲಸ್, 15 ಬಂದರೆ ಡಿ ಪ್ಲಸ್. ಎರಡನೆಯದು ಅರ್ಧ ಅಂಕ. ಒಳಪರೀಕ್ಷೆಯಲ್ಲಿ ಮೊತ್ತದ ಕೊನೆಗೆ ಅರ್ಧ ಉಳಿದರೆ ಅದನ್ನು ಮೇಲಿನ ಅಂಕಕ್ಕೆ ಏರಿಸುವುದು ನಮ್ಮ ಶಾಲೆಯ ಕ್ರಮ. 14.5 ಬಂದ ಮಗುವಿಗೆ 15. ಆ ಅರ್ಧ ಅಂಕದ ಮೇಲೆ ಡಿ ಪ್ಲಸ್ ನಿಂತಿದೆ ಎಂಬುದನ್ನು ಗಮನಿಸಬೇಕು.

ಇಂಥ ಪ್ರೋಗ್ರಾಮು ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಅದಕ್ಕೇ ಬಿಡಿ ಪರೀಕ್ಷೆಗಳಿವೆ. ಇಂಗ್ಲಿಷಿನಲ್ಲಿ ಇದನ್ನು ಯುನಿಟ್ ಟೆಸ್ಟ್ ಎನ್ನುತ್ತಾರೆ. (ನಮ್ಮ ಮಕ್ಕಳಿಗೆ ಯುನಿಟ್ ಟೆಸ್ಟ್ ಎಂದರೆ ಪಾಠ ಮುಗಿದ ಮೇಲೆ ಟೀಚರ್ ಕೊಡುವ ಕಿರುಪರೀಕ್ಷೆ. ಹೆಸರು ಕೇಳಿದೊಡನೆ ಸಂಘದಲ್ಲಿ ಇಬ್ಬರು ಹಿಂದಿನ ಬೆಂಚಿಗೆ ಸರಿದದ್ದುಂಟು.) ಬಿಡಿ ಪರೀಕ್ಷೆಯೆಂದರೆ ಪ್ರೋಗ್ರಾಮಿನ ಒಂದು ಸಣ್ಣ ಭಾಗಕ್ಕೆ ನಾವು ಉತ್ತರ ಗೊತ್ತಿರುವ ಒಂದು ಪ್ರಶ್ನೆಯನ್ನು ಕೇಳಿ, ಅದು ಕೊಡುವ ಉತ್ತರವನ್ನು ನಮ್ಮದರ ಜೊತೆ ತಾಳೆ ನೋಡುವುದು. 90 ಕೊಟ್ಟರೆ ಎ ಪ್ಲಸ್ ಬರಬೇಕು. 89 ಕೊಟ್ಟರೆ ಎ ಬರಬೇಕು. ಇಂಥ ಪ್ರಶ್ನೆಗಳನ್ನು ಒಮ್ಮೆ ಬರೆದಿಟ್ಟರೆ, ಪ್ರೋಗ್ರಾಮಿನಲ್ಲಿ ಒಂದಕ್ಷರ ತಿದ್ದಿದಾಗಲೂ ಎಲ್ಲವನ್ನೂ ಕ್ಷಣಮಾತ್ರದಲ್ಲಿ ಮತ್ತೆ ಕೇಳಬಹುದು. ತಪ್ಪುಗಳು ಹೆಚ್ಚಾಗಿ ಗಡಿಯಲ್ಲಿರುತ್ತವೆಯಾದ್ದರಿಂದ ಪ್ರಶ್ನೆಗಳನ್ನೂ ಗಡಿಯಲ್ಲೇ ಇಡಬೇಕು. 85ಕ್ಕೆ ಏನು ಬರುತ್ತದೆ ಎಂದು ಹತ್ತು ಸಲ ಕೇಳಿದರೂ ಹೊಸದೇನೂ ತಿಳಿಯದು.

ನಮ್ಮ ಮಕ್ಕಳು ಬರೆದದ್ದು ಒಟ್ಟು 31 ಪರೀಕ್ಷೆ. ಎಂಟು ಗಡಿಗಳ ಮೇಲೂ ಕೆಳಗೂ ಒಂದೊಂದು, ಜೊತೆಗೆ ಸೊನ್ನೆ ಮತ್ತು ನೂರು, ಹೀಗೆ ದರ್ಜೆಯ ಪರೀಕ್ಷೆಗಳು 18. ಐವತ್ತರ ವಿಷಯದಲ್ಲಿ ಗಡಿಗೆ ಅರ್ಧ ಅಂಕ ಕಡಿಮೆಯಿರುವ ಎಂಟು ಪ್ರಸಂಗಗಳು, 44.5, 39.5 ಎಂದು ಇಳಿಯುತ್ತ 9.5ರವರೆಗೆ, 8. ಸರಾಸರಿಯ ಲೆಕ್ಕಕ್ಕೆ 5.

ಪ್ರಶ್ನೆಗಳಿದ್ದರೆ ಸಾಲದು; ಅವುಗಳನ್ನು ಸಾಲಾಗಿ ಕೇಳಿ, ಉತ್ತರ ತಾಳೆ ನೋಡಿ, ಕೊನೆಗೆ ಎಷ್ಟು ಸರಿ ಎಷ್ಟು ತಪ್ಪು ಎಂದು ಹೇಳಲು ಒಂದು ವ್ಯವಸ್ಥೆ ಬೇಕು. ಅದನ್ನು ಪರೀಕ್ಷಾ ಚೌಕಟ್ಟು ಎನ್ನೋಣ. ಪೈಥಾನಿನ ಜೊತೆಯಲ್ಲೇ ಬರುವ ಚೌಕಟ್ಟಿನ ಹೆಸರು ಯುನಿಟ್‌ಟೆಸ್ಟ್. ಇದರ ವಂಶಾವಳಿ ಸ್ವಾರಸ್ಯಕರವಾಗಿದೆ. ಅಮೆರಿಕದ ಕೆಂಟ್ ಬೆಕ್ ಎಂಬವರು 1994ರಲ್ಲಿ ಸ್ಮಾಲ್‌ಟಾಕ್ ಎಂಬ ಭಾಷೆಗೆ ಇಂಥದೊಂದನ್ನು ಮಾಡಿದರು. 1997ರಲ್ಲಿ ಅವರೂ ಸ್ವಿಟ್ಜರ್ಲೆಂಡಿನ ಎರಿಕ್ ಗಾಮಾ ಅವರೂ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕುಳಿತು ಅದನ್ನು ಜಾವಾ ಭಾಷೆಗೆ ತಂದರು, ಅದೇ ಜೆಯುನಿಟ್. ಸ್ಟೀವ್ ಪರ್ಸೆಲ್ ಎಂಬವರು ಅದನ್ನು ಪೈಥಾನಿಗೆ ಇಳಿಸಿದರು. 2001ರಲ್ಲಿ ಬಂದ ಪೈಥಾನ್ 2.1ರಿಂದ ಅದು ಆ ಭಾಷೆಯ ಸ್ವಂತ ಭಂಡಾರದಲ್ಲಿ ಸೇರಿದೆ. ಆದ್ದರಿಂದ ಯುನಿಟ್‌ಟೆಸ್ಟ್ ಎಂಬುದೇ ಒಂದು ಭಾಷಾಂತರ. ಅದರ ಆಜ್ಞೆಗಳಲ್ಲಿ ಎರಡು ಪದಗಳನ್ನು ಅಂಟಿಸಿ ನಡುವೆ ದೊಡ್ಡಕ್ಷರ ಹಾಕುವ ಜಾವಾದ ಕ್ರಮ ಇಂದಿಗೂ ಉಳಿದಿದೆ. ಊರು ಬಿಟ್ಟು ಬಂದವರ ಮಾತಿನಲ್ಲಿ ಹಳೆಯ ಊರಿನ ಧಾಟಿ ಉಳಿಯುವ ಹಾಗೆ.

ಪೈಟೆಸ್ಟ್ ಎಂಬುದು ಇನ್ನೊಂದು ಚೌಕಟ್ಟು. ಜರ್ಮನಿಯ ಹೊಲ್ಗರ್ ಕ್ರೆಕೆಲ್ ಅವರು 2004ರ ಸುಮಾರಿಗೆ ಆರಂಭಿಸಿದ ಕೆಲಸದಿಂದ ಬೆಳೆದದ್ದು. ಇದು ಪೈಥಾನಿನ ಜೊತೆ ಬರುವುದಿಲ್ಲ, ಬೇರೆಯಾಗಿ ತಂದು ಹಾಕಿಕೊಳ್ಳಬೇಕು. ಆದರೆ ಬರೆಯಲು ಸುಲಭ. ಯುನಿಟ್‌ಟೆಸ್ಟಿನಲ್ಲಿ ಪ್ರತಿಯೊಂದು ಪರೀಕ್ಷೆಯೂ ಟೆಸ್ಟ್‌ಕೇಸ್ ಎಂಬ ಮೂಲವರ್ಗದ ಮಕ್ಕಳಾಗಿ ಹುಟ್ಟಬೇಕು. 'ಇವೆರಡೂ ಸಮ' ಎನ್ನಲು ಒಂದು ಆಜ್ಞೆ, 'ಇದು ಅದರೊಳಗಿದೆ' ಎನ್ನಲು ಇನ್ನೊಂದು, ಹೀಗೆ ಹತ್ತಾರು ಆಜ್ಞೆಗಳನ್ನು ನೆನಪಿಡಬೇಕು. ಪೈಟೆಸ್ಟಿನಲ್ಲಿ ಪೈಥಾನಿನದೇ ಆದ ಅಸರ್ಟ್ ಎಂಬ ಒಂದು ಶಬ್ದ ಸಾಕು. 'ಅಸರ್ಟ್' ಎಂದು ಬರೆದು ಮುಂದೆ ನಿಜವಾಗಿರಬೇಕಾದ ಮಾತನ್ನು ಇಟ್ಟರಾಯಿತು. ಮಾತು ಸುಳ್ಳಾದರೆ ಎಡಗಡೆ ಎಷ್ಟು ಬಂತು, ಬಲಗಡೆ ಎಷ್ಟಿತ್ತು ಎಂದು ಅದೇ ಬಿಡಿಸಿ ತೋರಿಸುತ್ತದೆ. ಇನ್ನೂ ಒಂದು ಅನುಕೂಲ: ಪ್ರಶ್ನೆ ಒಂದೇ, ಅಂಕ ಮಾತ್ರ ಬೇರೆ ಬೇರೆ ಎಂದಾಗ ಹದಿನೆಂಟು ಪರೀಕ್ಷೆಗಳನ್ನು ಹದಿನೆಂಟು ಸಲ ಬರೆಯದೆ, ಒಂದೇ ಪರೀಕ್ಷೆಗೆ ಹದಿನೆಂಟು ಸಾಲಿನ ಕೋಷ್ಟಕವನ್ನು ಕೊಡಬಹುದು. ಪೈಟೆಸ್ಟ್ ಅದನ್ನು ಹದಿನೆಂಟೆಂದೇ ಎಣಿಸುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಮಾತು. ಇರುವ ಚೌಕಟ್ಟು ಸರಿಯಾಗಿ ಕೆಲಸ ಮಾಡುತ್ತಿರುವಾಗ, ಹೊಸದು ಬಂದಿದೆ ಎಂಬ ಒಂದೇ ಕಾರಣಕ್ಕೆ ಮನೆ ಬದಲಾಯಿಸುವುದು ನಮಗೆ ಮೆಚ್ಚುಗೆಯಲ್ಲ. ನಾವು ಹೊರಟದ್ದು ಕೋಷ್ಟಕದ ಆಸೆಯಿಂದ. ಮುಂದೆ ಬರುವ ಕಿರಿಯರು ಒಂದು ಸಾಲು ಸೇರಿಸಿ ಒಂದು ಪರೀಕ್ಷೆ ಹೆಚ್ಚಿಸುವಂತಾಗಲಿ ಎಂಬುದು ನಮ್ಮ ಉದ್ದೇಶವಾಗಿತ್ತು.

ಕೆಲಸದ ಮೊದಲ ಹೆಜ್ಜೆ ಸುಲಭವಾಗಿತ್ತು. ಯುನಿಟ್‌ಟೆಸ್ಟಿಗಾಗಿ ಬರೆದ ಪರೀಕ್ಷೆಗಳನ್ನು ಪೈಟೆಸ್ಟ್ ಹಾಗೆಯೇ ಓದಿ ನಡೆಸಬಲ್ಲದು. ಒಂದಕ್ಷರವನ್ನೂ ತಿದ್ದದೆ ನಡೆಸಿದೆವು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ, 31 ಪಾಸು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ '31' ಎಂದು ಬರೆದುಕೊಂಡಳು. ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಎಲ್ಲವನ್ನೂ ಬರೆದುಕೊಳ್ಳುವುದು ಅವಳ ಅಭ್ಯಾಸ.

ನಿಜವಾಗಿ ಇಲ್ಲಿಗೇ ನಿಲ್ಲಿಸಬಹುದಿತ್ತು. ಹಳೆಯ ರೂಪದಲ್ಲೇ ಇಟ್ಟುಕೊಂಡು ಹೊಸ ಚೌಕಟ್ಟಿನಲ್ಲಿ ನಡೆಸುತ್ತ ಹೋಗುವವರು ಬಹಳ ಮಂದಿ ಇದ್ದಾರೆ. ಆದರೆ ಹಾಗೆ ಇಟ್ಟರೆ ಕೋಷ್ಟಕದ ಅನುಕೂಲ ಸಿಗದು. ಟೆಸ್ಟ್‌ಕೇಸಿನ ಮಕ್ಕಳಿಗೆ ಪೈಟೆಸ್ಟಿನ ಕೋಷ್ಟಕವನ್ನು ಕೊಡಲು ಬರುವುದಿಲ್ಲ. ಆದ್ದರಿಂದ ಮೂರು ಕಡತಗಳನ್ನು ಮೂವರು ಹಂಚಿಕೊಂಡು ರೂಪಾಂತರಕ್ಕೆ ತೊಡಗಿದರು.

ಸರಾಸರಿಯ ಕಡತ ಮೊದಲಿಗೆ ಕೆಂಪಾಯಿತು. ಯುನಿಟ್‌ಟೆಸ್ಟಿನಲ್ಲಿ ಪ್ರತಿ ಪರೀಕ್ಷೆಗೂ ಮುಂಚೆ ತಾನಾಗಿ ನಡೆಯುವ ಸೆಟಪ್ ಎಂಬ ಒಂದು ಪೂರ್ವಸಿದ್ಧತೆ ಇದೆ. ನಮ್ಮ ಮಕ್ಕಳು ಅದರಲ್ಲಿ ಮಾದರಿಗಾಗಿ ನಾಲ್ಕು ಮಕ್ಕಳ ಅಂಕಪಟ್ಟಿಯನ್ನು ತಯಾರಿಸಿಟ್ಟಿದ್ದರು. ಟೆಸ್ಟ್‌ಕೇಸಿನ ನಂಟನ್ನು ಕಳಚಿದೊಡನೆ ಆ ಹೆಸರಿಗೆ ಪೈಟೆಸ್ಟ್ ಬೆಲೆ ಕೊಡುವುದಿಲ್ಲ. ಪಟ್ಟಿ ತಯಾರಾಗುವುದೇ ಇಲ್ಲ. ಪರೀಕ್ಷೆ 'ಪಟ್ಟಿ ಎಲ್ಲಿ?' ಎಂದು ಬೊಬ್ಬೆ ಹೊಡೆಯುತ್ತದೆ. ಪೈಟೆಸ್ಟಿನಲ್ಲಿ ಈ ಕೆಲಸಕ್ಕೆ ಫಿಕ್ಸ್ಚರ್ ಎಂಬ ಬೇರೊಂದು ಕ್ರಮವಿದೆ. ಪಟ್ಟಿಯನ್ನು ತಯಾರಿಸುವ ಭಾಗಕ್ಕೆ ಒಂದು ಹೆಸರಿಟ್ಟು, ಬೇಕಾದ ಪರೀಕ್ಷೆ ಆ ಹೆಸರನ್ನು ಆವರಣದಲ್ಲಿ ಕೇಳಿಕೊಂಡರೆ ಅದು ಬಂದು ಸೇರುತ್ತದೆ. ಅಡುಗೆಯವರು ಎಲ್ಲರಿಗೂ ಎಲ್ಲವನ್ನೂ ಬಡಿಸುವ ಬದಲು, ಕೇಳಿದವರಿಗೆ ಕೇಳಿದ್ದನ್ನು ಬಡಿಸಿದ ಹಾಗೆ. ಅರ್ಧ ಗಂಟೆಯಲ್ಲಿ ಇದು ಸರಿಹೋಯಿತು. ಬೊಬ್ಬೆ ಹೊಡೆಯುವ ತಪ್ಪು ಒಳ್ಳೆಯ ತಪ್ಪು.

ಇದೇ ಕಡತದಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಕಂಪ್ಯೂಟರಿನಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ, ಹದಿನೇಳನೆಯ ದಶಮಾಂಶ ಸ್ಥಾನದಲ್ಲಿ ಒಂದು ಕೂದಲೆಳೆಯಷ್ಟು ಹೆಚ್ಚಾಗುತ್ತದೆ. ಅದು ಎಣಿಸುವುದು ಎರಡರ ಘಾತಗಳಲ್ಲಿ. ಹತ್ತನೆಯ ಒಂದು ಭಾಗ ಅಲ್ಲಿ ಮುಗಿಯದ ಭಿನ್ನರಾಶಿ. ಆದ್ದರಿಂದ ಸರಾಸರಿಗಳನ್ನು ತಾಳೆ ನೋಡುವಾಗ 'ಸಮ' ಎನ್ನದೆ 'ಬಹುತೇಕ ಸಮ' ಎನ್ನಬೇಕು. ಎರಡು ಚೌಕಟ್ಟುಗಳಲ್ಲೂ ಅದಕ್ಕೆ ಏರ್ಪಾಡಿದೆ. ಆದರೆ 'ಬಹುತೇಕ' ಎಂಬುದರ ಅರ್ಥ ಮಾತ್ರ ಬೇರೆ. ಯುನಿಟ್‌ಟೆಸ್ಟ್ ವ್ಯತ್ಯಾಸವನ್ನು ಏಳು ದಶಮಾಂಶ ಸ್ಥಾನಕ್ಕೆ ಸರಿಪಡಿಸಿ ಅದು ಸೊನ್ನೆಯಾಯಿತೇ ಎಂದು ನೋಡುತ್ತದೆ. ಪೈಟೆಸ್ಟ್ ಸಂಖ್ಯೆಯ ಗಾತ್ರಕ್ಕೆ ತಕ್ಕಂತೆ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವನ್ನು ಸಹಿಸುತ್ತದೆ. ಹಾಗಾಗಿ ಹತ್ತು ಲಕ್ಷ ಮತ್ತು ಹತ್ತು ಲಕ್ಷದ ಮೇಲೆ ಅರ್ಧ, ಇವೆರಡು ಯುನಿಟ್‌ಟೆಸ್ಟಿಗೆ ಬೇರೆ ಬೇರೆ, ಪೈಟೆಸ್ಟಿಗೆ ಬಹುತೇಕ ಒಂದೇ! ನೂರರೊಳಗಿನ ಅಂಕಕ್ಕೆ ಇದರಿಂದ ಬಾಧಕವಿಲ್ಲ. ಆದರೆ ಸೊಸೈಟಿಯ ಅಡಿಕೆ ಖರೀದಿಯ ಲೆಕ್ಕವನ್ನು ಇದೇ ರೀತಿ ಸ್ಥಳಾಂತರಿಸಿದರೆ, ಹತ್ತು ಲಕ್ಷ ರೂಪಾಯಿಯಲ್ಲಿ ಐವತ್ತು ಪೈಸೆ ಎಲ್ಲಿ ಹೋಯಿತೆಂದು ಹೊಸ ಪರೀಕ್ಷೆ ಕೇಳುವುದಿಲ್ಲ. ಎಷ್ಟು ವ್ಯತ್ಯಾಸವನ್ನು ಸಹಿಸಬೇಕೆಂದು ನಾವೇ ಬರೆದು ತಿಳಿಸುವ ಅವಕಾಶ ಎರಡರಲ್ಲೂ ಇದೆ. ಬರೆದು ತಿಳಿಸುವುದೇ ಲೇಸು.

ಹದಿನೆಂಟರ ಕಡತವನ್ನು ಹಿಡಿದ ಹುಡುಗ ಚುರುಕಿನವನು. ಕೋಷ್ಟಕ ಮಾಡುವ ಮೊದಲು ಹಳೆಯ ಆಜ್ಞೆಗಳನ್ನು ಅಸರ್ಟ್‌ಗೆ ಬದಲಾಯಿಸಿಬಿಡೋಣವೆಂದು 'ಹುಡುಕಿ ಬದಲಿಸು' ಎಂಬ ಸೌಕರ್ಯವನ್ನು ಬಳಸಿದ. ಹಳೆಯ ಸಾಲು ಹೀಗಿತ್ತು:

ಅಸರ್ಟ್‌ಈಕ್ವಲ್(ದರ್ಜೆ(90), "ಎ ಪ್ಲಸ್")

ಬದಲಾದ ಮೇಲೆ ಹೀಗಾಯಿತು:

ಅಸರ್ಟ್ (ದರ್ಜೆ(90), "ಎ ಪ್ಲಸ್")

ನೋಡಲು ಚೆನ್ನಾಗಿಯೇ ಇದೆ. ನಡೆಸಿದರೆ ಹದಿನೆಂಟೂ ಪಾಸು. ಆದರೆ ಓದುಗರು ಆ ಅಲ್ಪವಿರಾಮವನ್ನು ನೋಡಬೇಕು. ಮೊದಲಿನ ಸಾಲಿನಲ್ಲಿ ಅದು 'ಇದನ್ನೂ ಅದನ್ನೂ ಹೋಲಿಸು' ಎಂದು ಎರಡು ವಸ್ತುಗಳನ್ನು ಬೇರ್ಪಡಿಸುತ್ತಿತ್ತು. ಎರಡನೆಯದರಲ್ಲಿ ಹೋಲಿಕೆಯೇ ಇಲ್ಲ. ಎರಡು ವಸ್ತುಗಳನ್ನು ಒಂದು ಚೀಲದಲ್ಲಿ ಹಾಕಿ 'ಈ ಚೀಲದಲ್ಲಿ ಏನಾದರೂ ಇದೆಯೇ?' ಎಂದು ಕೇಳಿದಂತಾಯಿತು. ಪೈಥಾನಿನ ನಿಯಮದಂತೆ ಖಾಲಿಯಲ್ಲದ ಚೀಲವೆಲ್ಲ 'ನಿಜ'. ಪ್ರೋಗ್ರಾಮು 90ಕ್ಕೆ ಇ ಎಂದರೂ ಪಾಸು, ಸೊನ್ನೆಗೆ ಎ ಪ್ಲಸ್ ಎಂದರೂ ಪಾಸು. ಅಲ್ಪವಿರಾಮದ ಬದಲು ಎರಡು ಸಮಚಿಹ್ನೆಗಳನ್ನು ಹಾಕಬೇಕಾಗಿತ್ತು.

ಪೈಟೆಸ್ಟಿಗೆ ಅನ್ಯಾಯವಾಗಬಾರದು. 'ಇದು ಯಾವಾಗಲೂ ನಿಜವೇ ಆಗಿರುತ್ತದೆ, ಆವರಣ ತೆಗೆಯಬೇಕೋ ಏನೋ' ಎಂಬ ಅರ್ಥದ ಎಚ್ಚರಿಕೆಯನ್ನು ಅದು ಹಳದಿ ಅಕ್ಷರದಲ್ಲಿ ಬರೆದಿತ್ತು. ನಾವು ಓದಲಿಲ್ಲ. ಕೊನೆಯ ಸಾಲಿನ ಪಾಸೆಂಬ ಮಾತನ್ನು ನೋಡಿ ಚಹಾಕ್ಕೆ ಎದ್ದೆವು.

ಮೂರನೆಯ ಕಡತ ಅರ್ಧ ಅಂಕದ್ದು. ಇದರ ಕಥೆಯಲ್ಲಿ ಸ್ವಲ್ಪ ಕನ್ನಡಾಭಿಮಾನವೂ ಸೇರಿದೆ. 2008ರಲ್ಲಿ ಬಂದ ಪೈಥಾನ್ 3ರಿಂದೀಚೆಗೆ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲೇ ಇಡಬಹುದು. ಈ ಕಡತವನ್ನು ಮೊದಲು ಬರೆದಿದ್ದ ಹುಡುಗಿ ತನ್ನ ವರ್ಗಕ್ಕೆ 'ಅರ್ಧಅಂಕ' ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದಳು. ಉಳಿದೆರಡು ಕಡತಗಳಲ್ಲಿ ವರ್ಗದ ಹೆಸರು ಇಂಗ್ಲಿಷಿನಲ್ಲಿ 'ಟೆಸ್ಟ್' ಎಂದೇ ಆರಂಭವಾಗುತ್ತಿತ್ತು. ಯುನಿಟ್‌ಟೆಸ್ಟ್ ವರ್ಗದ ಹೆಸರನ್ನು ನೋಡುವುದಿಲ್ಲ, ಕುಲವನ್ನು ನೋಡುತ್ತದೆ: ಟೆಸ್ಟ್‌ಕೇಸಿನ ಮಗುವಾಗಿದ್ದರೆ ಸಾಕು, ಹೆಸರು ಏನಿದ್ದರೂ ಒಳಗಿನ ಪರೀಕ್ಷೆಗಳನ್ನು ನಡೆಸುತ್ತದೆ. ಪೈಟೆಸ್ಟ್ ಕೂಡ ಟೆಸ್ಟ್‌ಕೇಸಿನ ಮಕ್ಕಳಿಗೆ ಇದೇ ಮರ್ಯಾದೆ ಕೊಡುತ್ತದೆ. ಅದಕ್ಕೇ ಮೊದಲ ದಿನ 31 ಸಿಕ್ಕಿತು. ಆದರೆ ಆ ನಂಟನ್ನು ಕಳಚಿದ ಮೇಲೆ ಅದು ಹೆಸರನ್ನು ಕೇಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ 'ಟೆಸ್ಟ್' ಎಂದು ಆರಂಭವಾಗದ ವರ್ಗ ಅದರ ಕಣ್ಣಿಗೆ ಪರೀಕ್ಷೆಯೇ ಅಲ್ಲ. ಎಂಟು ಪರೀಕ್ಷೆಗಳು ಕಡತದಲ್ಲಿ ಇದ್ದ ಹಾಗೆಯೇ ಇದ್ದವು, ಒಂದಕ್ಷರ ತಪ್ಪಿಲ್ಲದೆ. ಅವನ್ನು ಯಾರೂ ಕರೆಯಲಿಲ್ಲ. ಹಾಜರಿಪಟ್ಟಿಯಲ್ಲಿ ಹೆಸರಿಲ್ಲದ ಮಕ್ಕಳು ಗೈರುಹಾಜರೂ ಆಗುವುದಿಲ್ಲವಷ್ಟೆ. ಕೆಂಪಿಲ್ಲ, ಹಳದಿಯೂ ಇಲ್ಲ.

ಇದೇ ವಾರದಲ್ಲಿ ಮತ್ತೊಂದು ಬದಲಾವಣೆಯಾಯಿತು. ಪ್ರೋಗ್ರಾಮಿನೊಳಗೆ ಅರ್ಧ ಅಂಕವನ್ನು ಏರಿಸಲು 'ಅರ್ಧ ಕೂಡಿಸು, ಆಮೇಲೆ ದಶಮಾಂಶ ಭಾಗವನ್ನು ಬಿಡು' ಎಂಬ ಹಳೆಯ ಉಪಾಯವಿತ್ತು. 14.5ಕ್ಕೆ ಅರ್ಧ ಕೂಡಿಸಿದರೆ 15. ಒಬ್ಬರಿಗೆ ಇದು ಅನಾವಶ್ಯಕ ಸುತ್ತುದಾರಿಯೆನಿಸಿತು. ಪೈಥಾನಿನಲ್ಲಿ ರೌಂಡ್ ಎಂಬ ಆಜ್ಞೆಯೇ ಇದೆಯಲ್ಲ? ಅದನ್ನು ಹಾಕಿ ಪರೀಕ್ಷೆ ನಡೆಸಿದರು. ಎಲ್ಲವೂ ಪಾಸು. ಹಾಗೆ ಮಾಡಿದವರು ವಿದ್ಯಾರ್ಥಿಯಲ್ಲ, ಅಧ್ಯಾಪಕರು ಎಂದು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ರೌಂಡ್ ಎಂಬುದು ನಮ್ಮ ಗಣಿತ ಪುಸ್ತಕದ ಹಾಗೆ ಅರ್ಧವನ್ನು ಯಾವಾಗಲೂ ಮೇಲಕ್ಕೇರಿಸುವುದಿಲ್ಲ. ಪೈಥಾನ್ 3ರಲ್ಲಿ ಸರಿಯಾಗಿ ನಡುವೆ ನಿಂತ ಸಂಖ್ಯೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 13.5 ಹೋಗುವುದು 14ಕ್ಕೆ, 14.5 ಕೂಡ 14ಕ್ಕೇ. ಇದು ತಪ್ಪಲ್ಲ, ಬೇರೊಂದು ಪದ್ಧತಿ. ಸಾವಿರಾರು ಸಂಖ್ಯೆಗಳನ್ನು ಕೂಡಿಸುವಲ್ಲಿ ಅರ್ಧಗಳನ್ನೆಲ್ಲ ಮೇಲಕ್ಕೇ ಏರಿಸುತ್ತ ಹೋದರೆ ಮೊತ್ತ ಉಬ್ಬುತ್ತದೆ. ಅರ್ಧದಷ್ಟು ಸಲ ಮೇಲೆ, ಅರ್ಧದಷ್ಟು ಸಲ ಕೆಳಗೆ ಹೋದರೆ ಸರಿದೂಗುತ್ತದೆ. ಅಲ್ಲಿಗೆ ಅದು ಜಾಣತನ. ಆದರೆ 14.5 ಬಂದ ಮಗುವಿಗೆ ಅದು ಡಿ ಪ್ಲಸ್ಸಿನ ಬದಲು ಡಿ.

ವಿಚಿತ್ರವೆಂದರೆ, ನೂರು ಅಂಕದ ವಿಷಯದಲ್ಲಿ ಈ ತಪ್ಪು ಎಂದೂ ಕಾಣಿಸುವುದಿಲ್ಲ. ಅಲ್ಲಿನ ಗಡಿಗಳು 90, 80, 70, ಎಲ್ಲವೂ ಸಮಸಂಖ್ಯೆಗಳು, 89.5 ಸಮಸಂಖ್ಯೆಯನ್ನು ಹುಡುಕಿಕೊಂಡು 90ಕ್ಕೇ ಏರುತ್ತದೆ. ಐವತ್ತರ ವಿಷಯದಲ್ಲಿ ಗಡಿಗಳು 45, 40, 35, 30 ಎಂದು ಒಂದು ಬಿಟ್ಟು ಒಂದು ಬೆಸ. ಬೆಸ ಗಡಿಯ ಹೊಸ್ತಿಲಲ್ಲಿ ನಿಂತ ಮಗು ಕೆಳಕ್ಕೆ ಜಾರುತ್ತದೆ, ಸಮ ಗಡಿಯದು ಏರುತ್ತದೆ. ಗಣಿತದಲ್ಲಿ ನ್ಯಾಯ, ಜೀವಶಾಸ್ತ್ರದಲ್ಲಿ ಒಮ್ಮೆ ನ್ಯಾಯ ಒಮ್ಮೆ ಅನ್ಯಾಯ! ಅಂಕಪಟ್ಟಿಯನ್ನು ಕಣ್ಣಾಡಿಸಿ ನೋಡುವವರಿಗೆ ಇದು ತಿಳಿಯುವ ಬಗೆಯಿಲ್ಲ. ಇದನ್ನು ಹಿಡಿಯಬಲ್ಲದ್ದು ಆ ಎಂಟು ಪರೀಕ್ಷೆಗಳು ಮಾತ್ರ. ಅವು ಕರೆಯದ ಮಕ್ಕಳಾಗಿ ಮೂಲೆಯಲ್ಲಿ ಕುಳಿತಿದ್ದವು.

ಮೂರೂ ಕಡತಗಳ ರೂಪಾಂತರ ಮುಗಿದು ಎಲ್ಲವನ್ನೂ ಒಟ್ಟಿಗೆ ನಡೆಸಿದ ಸಂಜೆ ಪರದೆಯ ಮೇಲೆ ಬಂದದ್ದು '23 ಪಾಸು'. ಒಂದೂ ಫೇಲಿಲ್ಲ. ಮರುವಾರ ಹತ್ತನೆಯ ತರಗತಿಯ ಒಳಪರೀಕ್ಷೆಯ ದರ್ಜೆಪಟ್ಟಿ ಹೊರಡಬೇಕಾಗಿತ್ತು. ಪೋಷಕರ ಸಭೆಯ ದಿನ ನಿಗದಿಯಾಗಿತ್ತು. ಕಂಪ್ಯೂಟರುಗಳನ್ನು ಮುಚ್ಚಿ ಬಾಗಿಲಿಗೆ ಬಂದಿದ್ದೆವು.

"ಟೀಚರ್, ನನ್ನ ಪುಸ್ತಕದಲ್ಲಿ ಮೂವತ್ತೊಂದು ಅಂತ ಉಂಟು."

ಅದೇ ಹುಡುಗಿ. "ಅದು ಹಳೆಯದು, ಈಗ ಕೋಷ್ಟಕವಾಗಿದೆಯಲ್ಲ, ಕಡಿಮೆಯಾಗಿರಬಹುದು" ಎಂದು ಯಾರೋ ಹೇಳಿದರು. "ಕೋಷ್ಟಕ ಇನ್ನೂ ಮಾಡಲೇ ಇಲ್ಲವಲ್ಲ" ಎಂದಳು. ಆ ಮಾತಿಗೆ ಉತ್ತರವಿರಲಿಲ್ಲ. ಬಾಗಿಲು ಮತ್ತೆ ತೆರೆಯಿತು.

31ರಲ್ಲಿ 23 ಕಳೆದರೆ 8. ಎಂಟು ಪರೀಕ್ಷೆಗಳಿರುವ ಕಡತ ಯಾವುದೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪೈಟೆಸ್ಟ್‌ಗೆ ಪರೀಕ್ಷೆಗಳನ್ನು ನಡೆಸದೆ ಅವುಗಳ ಹೆಸರನ್ನು ಮಾತ್ರ ಪಟ್ಟಿ ಮಾಡು ಎಂದು ಹೇಳಬಹುದು. ಪಟ್ಟಿಯಲ್ಲಿ ಅರ್ಧ ಅಂಕದ ಒಂದು ಹೆಸರೂ ಇರಲಿಲ್ಲ. ವರ್ಗದ ಹೆಸರಿನ ಮುಂದೆ ಇಂಗ್ಲಿಷಿನ 'ಟೆಸ್ಟ್' ಸೇರಿಸಿದೆವು. 'ಅರ್ಧಅಂಕ' ಕನ್ನಡದಲ್ಲೇ ಉಳಿಯಿತು. ಅರ್ಧ ಇಂಗ್ಲಿಷು ಅರ್ಧ ಕನ್ನಡದ ಆ ಹೆಸರನ್ನು ಪೈಥಾನ್ ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡಿತು. ಮತ್ತೆ ನಡೆಸಿದಾಗ 31 ಸಿಕ್ಕಿತು: 27 ಪಾಸು, 4 ಫೇಲು. 44.5, 34.5, 24.5, 14.5. ನಾಲ್ಕೂ ಬೆಸ ಗಡಿಗಳು.

ರೌಂಡನ್ನು ತೆಗೆದು ಹಳೆಯ ಉಪಾಯವನ್ನು ಮರಳಿ ಹಾಕಿದೆವು. ಅದರ ಮೇಲೆ 'ಇದನ್ನು ಸುಂದರಗೊಳಿಸಬಾರದು' ಎಂಬ ಒಂದು ಟಿಪ್ಪಣಿಯನ್ನೂ ಬರೆದಿದ್ದೇವೆ.

ಅಂದು ಹದಿನೆಂಟರ ಕಡತದ ಅಲ್ಪವಿರಾಮ ಇನ್ನೂ ಬಯಲಾಗಿರಲಿಲ್ಲ. ಅಲ್ಲಿ ಎಣಿಕೆ ಸರಿಯಾಗಿಯೇ ಇತ್ತಲ್ಲ. ಅದು ಸಿಕ್ಕಿದ್ದು ಮರುದಿನ. ಎಂಟು ಪರೀಕ್ಷೆಗಳು ಮಾಯವಾದದ್ದನ್ನು ಕಂಡ ಮೇಲೆ ಉಳಿದವುಗಳ ಮೇಲೂ ನಂಬಿಕೆ ಕಡಿಮೆಯಾಗಿತ್ತು. ಆದ್ದರಿಂದ ಒಂದು ಕುಚೇಷ್ಟೆ ಮಾಡಿದೆವು. ಕಳ್ಳನೋಟು ಹಿಡಿಯುವ ಯಂತ್ರ ಸರಿಯಿದೆಯೇ ಎಂದು ತಿಳಿಯಬೇಕಾದರೆ ಅದರೊಳಗೆ ಒಂದು ಕಳ್ಳನೋಟನ್ನೇ ತೂರಿಸಬೇಕು. ಒಳ್ಳೆಯ ನೋಟು ನೂರು ಹಾಕಿದರೂ ತಿಳಿಯದು. ಅದರಂತೆ ಪ್ರೋಗ್ರಾಮಿನಲ್ಲಿ ಎ ಪ್ಲಸ್ಸಿನ ಗಡಿಯನ್ನು ಬೇಕೆಂದೇ 90ರಿಂದ 91ಕ್ಕೆ ಬದಲಾಯಿಸಿ ದರ್ಜೆಯ ಪರೀಕ್ಷೆಗಳನ್ನು ನಡೆಸಿದೆವು. ಒಂದಾದರೂ ಕೆಂಪಾಗಬೇಕಿತ್ತು. ಹದಿನೆಂಟೂ ಹಸಿರು. ಗಡಿಯನ್ನು 99 ಮಾಡಿದೆವು, ಹಸಿರು. ದರ್ಜೆಯ ಹೆಸರುಗಳನ್ನೇ ಅಳಿಸಿಬಿಟ್ಟೆವು, ಆಗಲೂ ಹಸಿರು. ಆ ಹುಡುಗ ಮುಖ ಕೆಂಪಗೆ ಮಾಡಿಕೊಂಡು ಹಳದಿ ಸಾಲುಗಳನ್ನು ಮೊದಲ ಬಾರಿಗೆ ಓದಿದ.

ಅವನನ್ನು ಗದರಿಸಲಿಲ್ಲ. ಇಂಥ ಬದಲಾವಣೆಯನ್ನು ಮಾಡಿಕೊಡುವ ಸಿದ್ಧ ಸಾಧನಗಳೂ ಇವೆ; ಅವು ವಾಕ್ಯದ ರಚನೆಯನ್ನು ಅರಿತು ಅಲ್ಪವಿರಾಮವನ್ನು ಸಮಚಿಹ್ನೆಯಾಗಿ ಮಾಡುತ್ತವೆ. ಕೇವಲ ಅಕ್ಷರ ಹುಡುಕಿ ಬದಲಿಸುವುದಕ್ಕೂ ಅದಕ್ಕೂ ಇರುವ ಅಂತರ, ಪದಕೋಶ ಹಿಡಿದು ಪದಕ್ಕೆ ಪದ ಇಡುವವನಿಗೂ ಎರಡು ಭಾಷೆ ಬಲ್ಲವನಿಗೂ ಇರುವ ಅಂತರವೇ. ಆದರೆ ಸಾಧನ ಬಳಸಿದರೂ ಕಳ್ಳನೋಟಿನ ಪ್ರಯೋಗವನ್ನು ಬಿಡಬಾರದೆಂದು ನಾವು ತೀರ್ಮಾನಿಸಿದ್ದೇವೆ. ಈಗ ಸಂಘದಲ್ಲಿ ಒಂದು ಕ್ರಮವಿದೆ. ಕಡತ ಬದಲಾಯಿಸುವ ಮುಂಚೆ ಎಣಿಕೆಯನ್ನು ಬರೆದಿಡುವುದು. ಒಂದು ಸಲಕ್ಕೆ ಒಂದೇ ಕಡತವನ್ನು ಬದಲಾಯಿಸುವುದು. ಚೌಕಟ್ಟು ಬದಲಾಗುತ್ತಿರುವ ವಾರದಲ್ಲಿ ಪ್ರೋಗ್ರಾಮನ್ನು ಯಾರೂ ಮುಟ್ಟದಿರುವುದು, ಅಧ್ಯಾಪಕರು ಕೂಡ. ಕೊನೆಗೆ ಪ್ರೋಗ್ರಾಮನ್ನು ಬೇಕೆಂದೇ ಕೆಡಿಸಿ, ಕೆಂಪು ಬಂತೆಂದು ಕಣ್ಣಾರೆ ಕಂಡು, ಮತ್ತೆ ಸರಿಪಡಿಸುವುದು. ಹಳದಿ ಎಚ್ಚರಿಕೆಗಳನ್ನೂ ತಪ್ಪೆಂದೇ ಎಣಿಸುವಂತೆ ಪೈಟೆಸ್ಟಿಗೆ ಹೇಳಲು ಬರುತ್ತದೆ, ಹಾಗೆಯೇ ಹೇಳಿಟ್ಟಿದ್ದೇವೆ.

ದರ್ಜೆಪಟ್ಟಿ ಎರಡು ದಿನ ತಡವಾಗಿ ಹೊರಟಿತು. ಪೋಷಕರ ಸಭೆಗೆ ಬಂದ ಕೆಲವರು ತಡವೇಕೆಂದು ಕೇಳಿದ್ದರು. ಆಗ 'ಕಂಪ್ಯೂಟರಿನ ತೊಂದರೆ' ಎಂದಷ್ಟೇ ಹೇಳಿದೆವು. ಸರಿಯಾದ ಉತ್ತರ ಇದು. ಆ ಪಟ್ಟಿಯಲ್ಲಿ ಐವತ್ತರ ವಿಷಯದಲ್ಲಿ ಬೆಸ ಗಡಿಯ ಹೊಸ್ತಿಲಲ್ಲಿ ನಿಂತಿದ್ದ ಮಕ್ಕಳು ಮೂವರಿದ್ದರು, ಅವರಲ್ಲಿ ಒಬ್ಬರದು 14.5.

ಕೋಷ್ಟಕದ ಕೆಲಸವೂ ಆಮೇಲೆ ಮುಗಿಯಿತು. ನೂರು ಅಂಕದ ವಿಷಯಗಳಿಗೆ ಅರ್ಧ ಅಂಕದ ಪರೀಕ್ಷೆ ಇರಲೇ ಇಲ್ಲವೆಂಬುದು ಆಗ ಗಮನಕ್ಕೆ ಬಂದು, 89.5ರಿಂದ 19.5ರವರೆಗೆ ಎಂಟು ಸಾಲು ಸೇರಿಸಿದೆವು. ನೋಟ್‌ಬುಕ್ಕಿನ ಆ ಪುಟದಲ್ಲಿ 31ರ ಕೆಳಗೆ ಈಗ 39 ಎಂದಿದೆ, ದಿನಾಂಕ ಸಹಿತ.